ಮಾಲಿನಲ್ಲಿ ಮಗ್ಗಕ್ಕೊಂದು ಅಂಕಣ

ಒಂದು ಊರಿನ ಬಾಳುವೆ ಹೇಗಿದೆಯೆಂದು ತಿಳಿಯಬೇಕಾದವನು ಆ ಊರಿನ ಗುಡಿಯನ್ನೂ ಶಾಲೆಯನ್ನೂ ನೋಡಿದರೆ ಸಾಲದು. ಅದರ ಪೇಟೆಯನ್ನೂ ನೋಡಬೇಕು. ಅಲ್ಲಿ ಮಾರುವವರಾರು, ಕೊಳ್ಳುವವರಾರು, ಮಾರಾಟಕ್ಕಿಟ್ಟ ವಸ್ತು ಎಲ್ಲಿ ಹುಟ್ಟಿತು, ಅದನ್ನು ಮಾಡಿದ ಕೈಗೆ ಎಷ್ಟು ಸಂದಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಆ ಊರಿನ ಅರ್ಧ ಚರಿತ್ರೆಯೇ ದೊರೆತಂತೆ. ಹಿಂದಿನ ಪೇಟೆಗಳಲ್ಲಿ ಈ ಉತ್ತರಗಳು ಕಣ್ಣೆದುರಿಗೇ ಇದ್ದವು. ಕುಂಬಾರ ಓಣಿಯ ಮಡಕೆ, ಮೇದಾರ ಓಣಿಯ ಮೊರ, ನೇಕಾರ ಪೇಟೆಯ ಸೀರೆ, ಕಂಚಗಾರರ ತಂಬಿಗೆ ಎಲ್ಲವೂ ತಮ್ಮ ತವರಿನ ಹೆಸರನ್ನು ಹೊತ್ತೇ ಮನೆಗೆ ಬರುತ್ತಿದ್ದವು.

ಈಗ ನಗರಗಳ ಪೇಟೆಗೆ ಹೊಸದೊಂದು ರೂಪ ಬಂದಿದೆ. ದಿಲ್ಲಿಯಲ್ಲಿ ಅನ್ಸಲ್ ಪ್ಲಾಜಾ, ಮುಂಬಯಿಯಲ್ಲಿ ಕ್ರಾಸ್‌ರೋಡ್ಸ್ ೧೯೯೯ರಲ್ಲಿ ತೆರೆದವು. ಬೆಂಗಳೂರಿನ ಕೋರಮಂಗಲದಲ್ಲಿ ೨೦೦೪ರಲ್ಲಿ ಫೋರಂ ಮಾಲ್ ಬಂದಿತು. ಅನಂತರದ ಎರಡು ದಶಕಗಳಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗಳಿಗೂ ಮಾಲುಗಳು ಬಂದವು. ತಂಪಾದ ಗಾಳಿ, ಹೊಳೆಯುವ ನೆಲ, ತಾನೇ ಏರುವ ಮೆಟ್ಟಿಲು, ಮಕ್ಕಳಿಗೆ ಆಟ, ಹಿರಿಯರಿಗೆ ಕುಳಿತುಕೊಳ್ಳಲು ಎಡೆ ಎಲ್ಲವೂ ಅಲ್ಲುಂಟು. ಆದರೆ ಹುಬ್ಬಳ್ಳಿಯ ಮಾಲಿನಲ್ಲಿ ದೊರೆಯುವುದೇ ಇಂದೂರಿನಲ್ಲಿ, ಇಂದೂರಿನಲ್ಲಿ ದೊರೆಯುವುದೇ ಕೊಚ್ಚಿಯಲ್ಲಿ. ಎಪ್ಪತ್ತು ಎಂಬತ್ತು ಮೈಲಿ ದೂರದ ಇಳಕಲ್ಲ ಸೀರೆಯಾಗಲಿ, ಮಗ್ಗುಲಿನ ನವಲಗುಂದದ ಜಮಖಾನೆಯಾಗಲಿ ಅಲ್ಲಿ ಕಾಣಸಿಗುವುದು ಅಪರೂಪ. ನಮ್ಮ ನೆಲದ ಮೇಲೆ ಎದ್ದ ಕಟ್ಟಡದಲ್ಲಿ ನಮ್ಮ ನೆಲದ ಕೈಕೆಲಸಕ್ಕೆ ಒಂದು ಅಂಕಣ ಜಾಗವೂ ಇಲ್ಲದಿರುವುದು ಏತಕ್ಕೆ? ಅದನ್ನು ದೊರಕಿಸುವ ದಾರಿ ಯಾವುದು? ಈ ಎರಡು ಪ್ರಶ್ನೆಗಳನ್ನು ಓದುಗ ಬಂಧುಗಳ ಮುಂದಿಡುವುದೇ ಈ ಬರೆಹದ ಉದ್ದೇಶ.

ಜಾತ್ರೆ ಕಲಿಸಿದ ಪಾಠ

ಮಾಲು ನಮಗೆ ಹೊಸದು. ಆದರೆ ಒಂದೇ ಎಡೆಯಲ್ಲಿ ನೂರು ಬಗೆಯ ವಸ್ತುಗಳು, ಊಟ, ಆಟ, ನೋಟ ಕೂಡುವ ಪದ್ಧತಿ ಹೊಸದಲ್ಲ. ನಮ್ಮ ಜಾತ್ರೆಗಳೆಲ್ಲ ಅವೇ ಆಗಿದ್ದವು. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯನ್ನೇ ನೋಡಬಹುದು. ಪುಷ್ಯ ಮಾಸದಲ್ಲಿ ನೆರೆಯುವ ಈ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಗಳೊಡನೆ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳ ಮಾರಾಟವೂ ಹೆಸರಾಗಿದೆ. ಹೊಸ ಮನೆ ಕಟ್ಟುವವರು ಅಲ್ಲಿಗೇ ಹೋಗಿ ಬಾಗಿಲನ್ನು ತಟ್ಟಿ ನೋಡಿ, ಕೆತ್ತಿದ ಬಡಿಗನೊಡನೆ ಮಾತನಾಡಿ, ಬಂಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು.

ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ಕುಶಲಕರ್ಮಿಗೆ ವರ್ಷವಿಡೀ ಅಂಗಡಿ ಬಾಡಿಗೆ ಕೊಡುವ ಹೊರೆಯಿರಲಿಲ್ಲ. ಕೆಲವು ದಿನಗಳ ಮಟ್ಟಿಗೆ ಅಲ್ಪ ನೆಲಬಾಡಿಗೆ ಕೊಟ್ಟು ಸರಕು ಹರವಿ, ಮಾರಿ, ಮರಳಿ ತನ್ನ ಕಸುಬಿಗೆ ಕೂಡುತ್ತಿದ್ದನು. ಎರಡನೆಯದು, ಮಾಡಿದವನೂ ಕೊಳ್ಳುವವನೂ ಮುಖಾಮುಖಿಯಾಗುತ್ತಿದ್ದರು. ಆದುದರಿಂದ ವಸ್ತುವಿನ ಗುಣಾವಗುಣಗಳಿಗೆ ಮಾಡಿದವನೇ ಹೊಣೆಯಾಗುತ್ತಿದ್ದನು. ಮೂರನೆಯದು, ಜನರನ್ನು ಕೂಡಿಸುವ ಕೆಲಸವನ್ನು ತೇರು ಮಾಡುತ್ತಿತ್ತು. ಕುಶಲಕರ್ಮಿಯು ಅದಕ್ಕೆ ಕಾಸು ವೆಚ್ಚ ಮಾಡಬೇಕಾಗಿರಲಿಲ್ಲ. ಅಲ್ಪ ಬಾಡಿಗೆ, ನೇರ ಭೇಟಿ, ತಾನಾಗಿ ನೆರೆದ ಜನ ಎಂಬ ಈ ಮೂರನ್ನು ಮಾಲಿನೊಳಗೆ ಮರಳಿ ತರುವುದು ಸಾಧ್ಯವಾದರೆ ನಮ್ಮ ಸಮಸ್ಯೆಯ ಬಹುಭಾಗ ಬಗೆಹರಿದಂತೆಯೇ ಸರಿ.

ಮಾಲಿನ ಲೆಕ್ಕಾಚಾರ

ಮಾಲಿನ ಮಾಲೀಕನು ಕಸುಬುದಾರರ ವೈರಿಯಲ್ಲ. ಅವನಿಗೂ ಬ್ಯಾಂಕಿನ ಸಾಲವಿದೆ, ವಿದ್ಯುತ್ತಿನ ಬಿಲ್ಲಿದೆ. ಅವನ ಲೆಕ್ಕ ಹೀಗೆ ನಡೆಯುತ್ತದೆ. ಜನರನ್ನು ಸೆಳೆಯಬಲ್ಲ ದೊಡ್ಡ ಅಂಗಡಿಗೆ, ಚಲನಚಿತ್ರ ಮಂದಿರಕ್ಕೆ ವಿಶಾಲವಾದ ಜಾಗವನ್ನು ಚದರಡಿಗೆ ಕಡಿಮೆ ದರದಲ್ಲಿ ಕೊಡುತ್ತಾನೆ. ಅವುಗಳಿಗಾಗಿ ಬಂದ ಜನ ನಡೆದುಹೋಗುವ ದಾರಿಯ ಇಕ್ಕೆಲದ ಚಿಕ್ಕ ಅಂಗಡಿಗಳಿಂದ ಹೆಚ್ಚಿನ ದರ ವಸೂಲು ಮಾಡಿ ಆ ಕೊರತೆಯನ್ನು ತುಂಬಿಕೊಳ್ಳುತ್ತಾನೆ. ಇದಲ್ಲದೆ ಕೆಲವು ತಿಂಗಳ ಬಾಡಿಗೆಯಷ್ಟು ಮುಂಗಡ ಠೇವಣಿ, ದೀಪ, ನೀರು, ಕಾವಲುಗಾಗಿ ಪ್ರತ್ಯೇಕ ನಿರ್ವಹಣಾ ವೆಚ್ಚ, ಅಂಗಡಿಯ ಒಳ ಅಲಂಕಾರದ ವೆಚ್ಚ ಎಲ್ಲವೂ ಬಾಡಿಗೆದಾರನ ಮೇಲೆಯೇ. ಎಷ್ಟೋ ಕಡೆ ಗೊತ್ತುಮಾಡಿದ ಬಾಡಿಗೆ ಇಲ್ಲವೇ ಮಾರಾಟದಲ್ಲಿ ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕೆಂಬ ಕರಾರೂ ಉಂಟು.

ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ಚದರಡಿಗೆ ತಿಂಗಳಿಗೆ ೧೦೦ ರೂಪಾಯಿ ಬಾಡಿಗೆಯೆಂದು ಹಿಡಿದರೆ ೨೦೦ ಚದರಡಿಯ ಪುಟ್ಟ ಅಂಗಡಿಗೆ ತಿಂಗಳಿಗೆ ೨೦,೦೦೦ ರೂಪಾಯಿ. ಆರು ತಿಂಗಳ ಠೇವಣಿ ೧,೨೦,೦೦೦. ಒಂದು ಸೀರೆಯ ಮೇಲೆ ನೇಕಾರನಿಗೆ ೫೦೦ ರೂಪಾಯಿ ಉಳಿಯುವುದೆಂದರೂ ಬಾಡಿಗೆಯೊಂದಕ್ಕೇ ತಿಂಗಳಿಗೆ ೪೦ ಸೀರೆ ಮಾರಬೇಕು. ಒಂದು ಮಗ್ಗದಿಂದ ತಿಂಗಳಿಗೆ ಹತ್ತು ಸೀರೆ ಇಳಿದರೆ ನಾಲ್ಕು ಮಗ್ಗಗಳ ಇಡೀ ದುಡಿಮೆ ಬಾಡಿಗೆಗೇ ಸರಿಹೋಯಿತು. ಉಣ್ಣುವುದೇನು, ಮಕ್ಕಳನ್ನು ಓದಿಸುವುದೇನು? ಮೇಲಾಗಿ ನೇಕಾರನು ಅಂಗಡಿಯಲ್ಲಿ ಕುಳಿತರೆ ಮಗ್ಗ ನಿಲ್ಲುತ್ತದೆ. ಮಗ್ಗದಲ್ಲಿ ಕುಳಿತರೆ ಅಂಗಡಿ ಮುಚ್ಚುತ್ತದೆ.

೨೦೧೯-೨೦ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದಲ್ಲಿ ನೇಕಾರರೂ ಪೂರಕ ಕೆಲಸದವರೂ ಸೇರಿ ೩೫.೨೨ ಲಕ್ಷ ಜನರಿದ್ದಾರೆ. ನೇಕಾರ ಕುಟುಂಬಗಳಲ್ಲಿ ಶೇಕಡಾ ೬೬ರಷ್ಟು ಕುಟುಂಬಗಳ ತಿಂಗಳ ವರಮಾನ ೫,೦೦೦ ರೂಪಾಯಿಗೂ ಕಡಿಮೆ. ಇಂತಹವರಿಗೆ ಮಾಲಿನ ಬಾಗಿಲು ತೆರೆದೇ ಇದೆ, ಬಂದು ಅಂಗಡಿ ಹಾಕಿಕೊಳ್ಳಲಿ ಎಂದರೆ ಅದು ಉಪಚಾರದ ಮಾತಾಗುವುದೇ ಹೊರತು ಉಪಕಾರವಾಗಲಾರದು.

ಕಂಡಲ್ಲದೆ ತಿಳಿಯದ ಬೆಲೆ

ಕೈಕೆಲಸದ ವಸ್ತುವನ್ನು ಅಟ್ಟಣಿಗೆಯ ಮೇಲೆ ಬೆಲೆಚೀಟಿ ಅಂಟಿಸಿ ಇಟ್ಟರೆ ಅದರ ಬೆಲೆ ಯಾರಿಗೂ ತಿಳಿಯದು. ಇಳಕಲ್ಲ ಸೀರೆಯ ವೈಶಿಷ್ಟ್ಯವಿರುವುದು ಅದರ ಕೊಂಡಿಯಲ್ಲಿ. ಒಡಲಿನ ಹಾಸೆಳೆಗಳನ್ನೂ ಸೆರಗಿನ ರೇಷ್ಮೆಯ ಹಾಸೆಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ, ಎಳೆಗೆ ಎಳೆಯನ್ನು ಕೈಯಿಂದಲೇ ಕೂಡಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕಾದುದರಿಂದ ಅಲ್ಲಿನ ನೇಕಾರರು ಹಾಸನ್ನು ಸೀರೆಯ ಉದ್ದಕ್ಕೆ ತಕ್ಕಂತೆ ಅಣಿಮಾಡಿಕೊಳ್ಳುತ್ತಾರೆ. ಕೆಂಪು ರೇಷ್ಮೆಯ ಮೇಲೆ ಬಿಳಿಯ ತೆನೆಗಳೆದ್ದಂತೆ ಕಾಣುವ ಆ ಸೆರಗು, ಗೋಮಿ, ಗಾಡಿ, ಚಿಕ್ಕಿಪರಾಸ ಎಂಬ ಹೆಸರಿನ ದಡಿಗಳು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾದುವಲ್ಲ. ಆದರೆ ವಿದ್ಯುತ್ ಮಗ್ಗದಲ್ಲಿ ಇಳಿದ, ಕೃತಕ ನೂಲಿನ, ಕೊಂಡಿಯೇ ಇಲ್ಲದ ಸೀರೆಯು ಅದೇ ಬಣ್ಣ, ಅದೇ ದಡಿ ಹೊತ್ತು ಕಡಿಮೆ ಬೆಲೆಗೆ ಪಕ್ಕದಲ್ಲಿಯೇ ನೇತಾಡುತ್ತಿದ್ದರೆ ಹೊಸ ತಲೆಮಾರಿನ ಹೆಣ್ಣುಮಗಳು ಎರಡಕ್ಕೂ ಇರುವ ಅಂತರವನ್ನು ಹೇಗೆ ಅರಿಯಬೇಕು?

ಬೀದರಿನ ಬಿದರಿ ಕೆಲಸವೂ ಹೀಗೆಯೇ. ಸತುವಿನೊಡನೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯಮಾಡಿ, ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಚಾಣದಿಂದ ಬಳ್ಳಿ ಹೂಗಳನ್ನು ಕೊರೆದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕೊನೆಯಲ್ಲಿ ನವಸಾಗರವನ್ನು ಬೀದರ ಕೋಟೆಯ ಹಳೆಯ ಮಣ್ಣಿನೊಡನೆ ಕಲಸಿ ಬಿಸಿ ಪಾತ್ರೆಗೆ ತಿಕ್ಕಿದಾಗ ಲೋಹವೆಲ್ಲ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಚನ್ನಪಟ್ಟಣದ ಗೊಂಬೆಯ ಬಣ್ಣವನ್ನು ಕುಂಚದಿಂದ ಬಳಿದದ್ದಲ್ಲ. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಇವನ್ನು ಒಮ್ಮೆ ಕಣ್ಣಾರೆ ಕಂಡ ಗೃಹಿಣಿಯಾಗಲಿ ಮಗುವಾಗಲಿ ಆಮೇಲೆ ಬೆಲೆಯ ಬಗೆಗೆ ವಾದ ಹೂಡುವುದು ಕಡಿಮೆ.

ಆದುದರಿಂದ ಸ್ಥಳೀಯ ಕಸುಬಿಗೆ ಬೇಕಾದುದು ಮಾಡುವುದೂ ಮಾರುವುದೂ ಒಟ್ಟಿಗೆ ಕಾಣುವ ಎಡೆ. ಸಾಮಾನ್ಯ ಅಂಗಡಿಗೂ ಇಂತಹ ಎಡೆಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಮೂರು ನಿದರ್ಶನಗಳು

ಇದು ಬರಿಯ ಆಸೆಯ ಮಾತಲ್ಲ. ದಿಲ್ಲಿಯ ಐಎನ್‌ಎ ಪೇಟೆಯ ಎದುರಿಗೆ ಮುಚ್ಚಿದ ಚರಂಡಿಯ ನೆಲದ ಮೇಲೆ, ಸುಮಾರು ಆರು ಎಕರೆ ಜಾಗದಲ್ಲಿ, ೧೯೯೪ರಲ್ಲಿ ದಿಲ್ಲಿ ಹಾಟ್ ಆರಂಭವಾಯಿತು. ದಸ್ತಕಾರಿ ಹಾಟ್ ಸಮಿತಿಯ ಜಯಾ ಜೇಟ್ಲಿಯವರ ಕಲ್ಪನೆ ಅದರ ಹಿಂದಿತ್ತು. ದಿಲ್ಲಿ ಪ್ರವಾಸೋದ್ಯಮ ನಿಗಮ, ನಗರಪಾಲಿಕಾ ಮಂಡಳಿ, ಕೇಂದ್ರದ ಕರಕುಶಲ ಹಾಗೂ ಕೈಮಗ್ಗ ಇಲಾಖೆಗಳು ಕೈಗೂಡಿಸಿದವು. ಅಲ್ಲಿನ ಕಟ್ಟಳೆ ನಮ್ಮ ಜಾತ್ರೆಯದೇ. ನೋಂದಾಯಿತ ಕುಶಲಕರ್ಮಿಗೆ ಹದಿನೈದು ದಿನಗಳ ಮಟ್ಟಿಗೆ ಅಲ್ಪ ಬಾಡಿಗೆಗೆ ಮಳಿಗೆ; ಆಮೇಲೆ ಮತ್ತೊಬ್ಬರ ಸರದಿ. ಬಾಗಿಲಲ್ಲಿ ಸಣ್ಣ ಪ್ರವೇಶ ಶುಲ್ಕ. ಒಳಗೆ ಬೇರೆ ಬೇರೆ ರಾಜ್ಯಗಳ ಊಟದ ಮನೆಗಳು. ಊಟಕ್ಕೆ ಬಂದವರು ಸೀರೆ ನೋಡುತ್ತಾರೆ, ಸೀರೆಗೆ ಬಂದವರು ಊಟ ಮಾಡುತ್ತಾರೆ. ಈ ಮಾದರಿ ಗೆದ್ದುದರಿಂದಲೇ ಪೀತಮ್‌ಪುರಾ, ಜನಕಪುರಿಗಳಲ್ಲಿಯೂ ಅಂತಹ ಹಾಟುಗಳು ಬಂದವು.

ಅದರ ಕುಂದನ್ನೂ ಮುಚ್ಚಿಡಬೇಕಿಲ್ಲ. ವರ್ಷಗಳು ಉರುಳಿದಂತೆ ಕುಶಲಕರ್ಮಿಗಳ ಹೆಸರಿನಲ್ಲಿ ವ್ಯಾಪಾರಿಗಳೇ ಮಳಿಗೆ ಹಿಡಿದು, ಕಾರ್ಖಾನೆಯ ಅಗ್ಗದ ಸರಕನ್ನು ಕೈಕೆಲಸವೆಂದು ಮಾರುತ್ತಾರೆಂಬ ದೂರು ಎದ್ದಿತು. ಇದನ್ನು ಜಯಾ ಜೇಟ್ಲಿಯವರೇ ಬಹಿರಂಗವಾಗಿ ಹೇಳಿದ್ದಾರೆ. ೨೦೨೫ರ ಏಪ್ರಿಲ್ ೩೦ರಂದು ಅಲ್ಲಿ ಬೆಂಕಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಳಿಗೆಗಳು ಸರಕಿನೊಡನೆ ಸುಟ್ಟುಹೋದವು. ಕಾವಲಿಲ್ಲದ ಸರದಿಯನ್ನು ದಲ್ಲಾಳಿ ನುಂಗುತ್ತಾನೆ. ಮುಂಜಾಗ್ರತೆಯಿಲ್ಲದ ಮಳಿಗೆಯನ್ನು ಬೆಂಕಿ ನುಂಗುತ್ತದೆ. ಮುಂದೆ ಕಟ್ಟುವವರು ಈ ಎರಡನ್ನೂ ನೆನಪಿಡಬೇಕು.

ಎರಡನೆಯದು ಥಾಯ್ಲೆಂಡಿನದು. ಬ್ಯಾಂಕಾಕಿನ ಚಾವೊ ಫ್ರಾಯಾ ನದಿಯ ದಡದಲ್ಲಿ ೨೦೧೮ರ ನವೆಂಬರಿನಲ್ಲಿ ಐಕಾನ್‌ಸಯಾಮ್ ಎಂಬ ಭಾರಿ ಮಾಲ್ ತೆರೆಯಿತು. ಜಗತ್ತಿನ ಅತಿ ದುಬಾರಿ ಹೆಸರುಗಳೆಲ್ಲ ಅಲ್ಲಿವೆ. ಆದರೂ ಅದರ ನೆಲ ಅಂತಸ್ತಿನಲ್ಲಿ ಸುಕ್‌ಸಯಾಮ್ ಎಂಬ ವಿಶಾಲವಾದ ಪೇಟೆಯನ್ನು ನಿರ್ಮಿಸಿ, ಆ ದೇಶದ ೭೭ ಪ್ರಾಂತಗಳ ತಿನಿಸು, ಬಟ್ಟೆ, ಕೈಕೆಲಸಗಳಿಗೆ ಎಡೆ ಮಾಡಿದ್ದಾರೆ. ಪ್ರವಾಸಿಗಳು ಮೊದಲು ಮುತ್ತುವುದು ಅಲ್ಲಿಗೇ. ಲಂಡನ್ನಿನಲ್ಲಿಯೂ ದುಬೈಯಲ್ಲಿಯೂ ಸಿಗುವ ಕೈಚೀಲಕ್ಕಾಗಿ ಬ್ಯಾಂಕಾಕಿಗೆ ಯಾರೂ ಬರಬೇಕಾಗಿಲ್ಲ. ಬ್ಯಾಂಕಾಕಿನಲ್ಲಿ ಮಾತ್ರ ಸಿಗುವುದಕ್ಕಾಗಿ ಬರುತ್ತಾರೆ. ಸ್ಥಳೀಯ ಕಸುಬು ಅಲ್ಲಿ ಜನರನ್ನು ಕರೆತರುವ ತೇರಾಗಿದೆ.

ಮೂರನೆಯದು ನಮ್ಮ ಸರಕಾರದ ಹೆಜ್ಜೆ. ಗುಜರಾತಿನ ಏಕತಾ ನಗರದಲ್ಲಿ ೨೦೨೦ರ ಅಕ್ಟೋಬರ್ ೩೦ರಂದು ೩೫,೦೦೦ ಚದರಡಿಯ ಏಕತಾ ಮಾಲ್ ತೆರೆಯಿತು. ಒಂದೊಂದು ರಾಜ್ಯಕ್ಕೆ ಒಂದೊಂದರಂತೆ ೨೦ ಮಳಿಗೆಗಳು. ೨೦೨೩-೨೪ರ ಕೇಂದ್ರ ಆಯವ್ಯಯದಲ್ಲಿ ಪ್ರತಿ ರಾಜ್ಯವೂ ತನ್ನ ರಾಜಧಾನಿಯಲ್ಲಿಯೋ ಹೆಸರಾದ ಪ್ರವಾಸಿ ತಾಣದಲ್ಲಿಯೋ ಇಂತಹ ಮಾಲನ್ನು ಕಟ್ಟಲು ಪ್ರೋತ್ಸಾಹಿಸುವುದಾಗಿ ಸಾರಲಾಯಿತು. ತನ್ನ ಜಿಲ್ಲೆಗಳ ವಸ್ತುಗಳೊಡನೆ ಇತರ ರಾಜ್ಯಗಳ ವಸ್ತುಗಳಿಗೂ ಅಲ್ಲಿ ಎಡೆಯಿರಬೇಕೆಂಬುದು ಕಟ್ಟಳೆ. ೨೦೨೨ರಿಂದ ರೈಲು ನಿಲ್ದಾಣಗಳಲ್ಲಿ ಒಂದು ನಿಲ್ದಾಣ ಒಂದು ಉತ್ಪನ್ನ ಎಂಬ ಯೋಜನೆಯಡಿ ಸ್ಥಳೀಯ ವಸ್ತುಗಳ ಪುಟ್ಟ ಮಳಿಗೆಗಳೂ ಬಂದಿವೆ. ಇವೆಲ್ಲ ಮೆಚ್ಚತಕ್ಕವೇ. ಆದರೆ ಸರಕಾರ ಕಟ್ಟುವುದು ರಾಜ್ಯಕ್ಕೊಂದು ಮಾಲು. ನಮ್ಮ ಊರುಗಳಲ್ಲಿ ಖಾಸಗಿಯವರು ಕಟ್ಟಿರುವ, ಕಟ್ಟುತ್ತಿರುವ ಸಂಕೀರ್ಣಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ನಿಜವಾದ ಅವಕಾಶವಿರುವುದು ಅಲ್ಲಿಯೇ.

ಇಟ್ಟ ಎಡೆಗೆ ತಕ್ಕ ಬೆಲೆ

ವಸ್ತುವನ್ನು ಎಲ್ಲಿ, ಯಾರ ಹೆಸರಿನಲ್ಲಿ ಇಡುತ್ತೇವೆಂಬುದು ಎಷ್ಟು ಮಹತ್ತ್ವದ್ದೆಂಬುದಕ್ಕೆ ಈಚಿನ ಘಟನೆಯೊಂದನ್ನು ನೆನೆಯಬಹುದು. ಕೊಲ್ಹಾಪುರಿ ಚಪ್ಪಲಿಯೆಂದು ಹೆಸರಾದ ಪಾದರಕ್ಷೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಲ್ಲಿಯೂ ಕರ್ನಾಟಕದ ನಾಲ್ಕು ಜಿಲ್ಲೆಗಳಲ್ಲಿಯೂ ತಯಾರಾಗುತ್ತದೆ. ೨೦೧೯ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮನ್ನಣೆ ಈ ಎಂಟೂ ಜಿಲ್ಲೆಗಳಿಗೆ ಸೇರಿದ್ದು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆಯ ಚಮ್ಮಾರ ಕುಟುಂಬಗಳು ತಲೆಮಾರುಗಳಿಂದ ಇದನ್ನು ಹೊಲಿಯುತ್ತಿವೆ. ೨೦೨೫ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ಇದನ್ನೇ ಹೋಲುವ ಪಾದರಕ್ಷೆಯನ್ನು ಮೂಲದ ಹೆಸರೆತ್ತದೆ ತೋರಿಸಿತು. ನಮ್ಮಲ್ಲಿ ಆಕ್ಷೇಪವೆದ್ದ ಮೇಲೆ ಅದು ಭಾರತದ ಕೈಕಸುಬಿನಿಂದ ಪಡೆದ ಪ್ರೇರಣೆಯೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಚರ್ಮ ಕೈಗಾರಿಕಾ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು.

ಅದೇ ಬಗೆಯ ಚಪ್ಪಲಿ ಸಂತೆಯ ಗೋಣಿತಟ್ಟಿನ ಮೇಲಿದ್ದರೆ ನಾವು ಐವತ್ತು ರೂಪಾಯಿಗಾಗಿ ಚೌಕಾಶಿ ಮಾಡುತ್ತೇವೆ. ಗಾಜಿನ ಕಪಾಟಿನಲ್ಲಿ ಪರದೇಶದ ಹೆಸರು ಹೊತ್ತು ಕುಳಿತರೆ ಮಾತಿಲ್ಲದೆ ಕೊಡುತ್ತೇವೆ. ಅಥಣಿಯ ಕೈಗೆ ಗಾಜಿನ ಕಪಾಟನ್ನು ನಾವೇ ಒದಗಿಸಿದ್ದರೆ ಮಿಲಾನಿನಿಂದ ಮನ್ನಣೆ ಬರಲೆಂದು ಕಾಯಬೇಕಾಗಿರಲಿಲ್ಲ.

ನಮ್ಮ ಪರಂಪರೆಯಲ್ಲಿ ಕಸುಬಿಗೆ ಇದ್ದ ಸ್ಥಾನವನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಸ್ಮರಿಸುವುದು ಅನುಚಿತವಾಗದು. ಬಟ್ಟೆ ನೇಯ್ದ ದಾಸಿಮಯ್ಯನವರು, ಬಿದಿರು ಹೆಣೆದ ಕೇತಯ್ಯನವರು, ಚರ್ಮ ಹದಮಾಡಿದ ಹರಳಯ್ಯನವರು ಇವರೆಲ್ಲ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರು ತಮ್ಮ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚು ಬಂದ ಹಣವನ್ನು ಒಪ್ಪಲಿಲ್ಲವೆಂಬ ಕಥೆ ನಮ್ಮ ಮನೆಗಳಲ್ಲಿ ಹೇಳಿಕೊಂಡು ಬಂದದ್ದೇ. ಆ ಕಥೆಗೆ ಎರಡು ಮುಖಗಳುಂಟು. ಮಾಡಿದವನು ತಕ್ಕುದಕ್ಕಿಂತ ಹೆಚ್ಚು ಬಯಸಬಾರದು. ಕೊಳ್ಳುವವನು ತಕ್ಕುದಕ್ಕಿಂತ ಕಡಿಮೆ ಕೊಡಬಾರದು. ಮೊದಲನೆಯದನ್ನು ನಾವು ನೇಕಾರನಿಗೆ ಬೋಧಿಸುತ್ತೇವೆ. ಎರಡನೆಯದನ್ನು ನಮಗೆ ನಾವು ಹೇಳಿಕೊಳ್ಳುವುದಿಲ್ಲ.

ಆಗಬೇಕಾದುದೇನು?

ಈಗ ಕಾರ್ಯದ ಮಾತಿಗೆ ಬರೋಣ. ನಮ್ಮ ಸಮಾಜದ ಅನೇಕ ಮನೆತನಗಳು ಜವಳಿ, ಕಾಳುಕಡಿ, ಕಟ್ಟಡಗಳ ವ್ಯವಹಾರದಲ್ಲಿವೆ. ನಗರಗಳಲ್ಲಿ ವ್ಯಾಪಾರ ಸಂಕೀರ್ಣಗಳನ್ನು ಕಟ್ಟಿಸಿದವರು ಹಲವರು. ಮಠಗಳು, ವಿದ್ಯಾಸಂಸ್ಥೆಗಳು ಕೂಡ ರಸ್ತೆಯಂಚಿನ ತಮ್ಮ ಜಾಗದಲ್ಲಿ ಮಳಿಗೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಟ್ಟಿವೆ. ಇಂತಹವರೆಲ್ಲರ ವಿಚಾರಕ್ಕಾಗಿ ಕೆಲವು ಸೂಚನೆಗಳನ್ನು ಇಲ್ಲಿಡುತ್ತೇನೆ.

ಒಂದು: ಜಾಗ ಕೊಡುವುದಾದರೆ ಬಾಗಿಲ ಬಳಿ, ನೆಲ ಅಂತಸ್ತಿನಲ್ಲಿ ಕೊಡಬೇಕು. ಮೇಲಿನ ಅಂತಸ್ತಿನ ಮೂಲೆಯಲ್ಲಿ, ಬೇರೆ ಯಾರೂ ಹಿಡಿಯದ ಅಂಗಡಿಯನ್ನು ಕೊಟ್ಟು ನಡೆಯಲಿಲ್ಲವೆಂದು ಕೈತೊಳೆದುಕೊಳ್ಳುವುದು ಸಲ್ಲದು. ನಮ್ಮ ಕಡೆಯ ಮನೆಗಳನ್ನು ಅಂಕಣಗಳಿಂದ ಎಣಿಸುವ ವಾಡಿಕೆಯುಂಟು. ಇಡೀ ಮಾಲಿನಲ್ಲಿ ಅಂತಹ ಒಂದೆರಡು ಅಂಕಣದ ಜಾಗ ಸಾಕು.

ಎರಡು: ಬಾಡಿಗೆಯ ಬದಲು ಮಾರಾಟದಲ್ಲಿ ಸಣ್ಣ ಪಾಲು ಪಡೆಯಬೇಕು, ಮುಂಗಡ ಠೇವಣಿ ಬೇಡ. ಮಾರಾಟದ ಹತ್ತರಲ್ಲೊಂದು ಪಾಲೆಂದು ಗೊತ್ತುಮಾಡಿದರೆ ೬೦,೦೦೦ ರೂಪಾಯಿ ಮಾರಿದವನು ೬,೦೦೦ ಕೊಡುತ್ತಾನೆ. ಮಾರದವನು ಸಾಲಗಾರನಾಗಿ ಊರಿಗೆ ಮರಳುವುದಿಲ್ಲ. ಇದರಿಂದ ತಮಗೆ ನಷ್ಟವೆಂದು ಮಾಲೀಕರು ಹೇಳಬಹುದು. ಜನರನ್ನು ಸೆಳೆಯುತ್ತದೆಂಬ ಕಾರಣಕ್ಕೆ ದೊಡ್ಡ ಅಂಗಡಿಗೆ ದರ ಇಳಿಸಿಕೊಡುವ ಪದ್ಧತಿಯನ್ನು ಅವರೇ ಅನುಸರಿಸುತ್ತಿದ್ದಾರೆ. ಅದೇ ರಿಯಾಯಿತಿಯನ್ನು, ಅದೇ ಕಾರಣಕ್ಕಾಗಿ, ಚಿಕ್ಕವನಿಗೂ ಕೊಡಿರೆಂಬುದಷ್ಟೇ ನಮ್ಮ ಬಿನ್ನಹ.

ಮೂರು: ಹದಿನೈದು ದಿನಕ್ಕೊಂದು ಸರದಿಯಿರಲಿ. ಒಂದು ಪಕ್ಷ ಇಳಕಲ್ಲ, ಮುಂದಿನ ಪಕ್ಷ ಗುಳೇದಗುಡ್ಡದ ಖಣ, ಆಮೇಲೆ ಕಿನ್ನಾಳದ ಗೊಂಬೆ, ನವಲಗುಂದದ ಹೆಣ್ಣುಮಕ್ಕಳು ನಿಲುಮಗ್ಗದಲ್ಲಿ ನೇಯ್ದ ಜಮಖಾನೆ, ಸಂಡೂರಿನ ಲಂಬಾಣಿ ಕಸೂತಿ. ವರ್ಷಕ್ಕೆ ೨೪ ಸರದಿಗಳಾದವು. ನೋಡುವವರಿಗೂ ಪ್ರತಿ ಪಕ್ಷ ಹೊಸತು. ಮಾಡುವವರಿಗೂ ವರ್ಷವಿಡೀ ಮನೆ ಬಿಟ್ಟಿರುವ ಕಷ್ಟವಿಲ್ಲ. ಸರದಿ ಮುಗಿದ ಮೇಲೂ ಬೇಡಿಕೆ ಕಳಿಸಲು ಅವರ ಸಹಕಾರಿ ಸಂಘದ ವಿಳಾಸ ಅಲ್ಲಿಯೇ ದೊರೆಯುವಂತಿರಲಿ.

ನಾಲ್ಕು: ಕಸುಬನ್ನು ತೋರಿಸುವ ವ್ಯವಸ್ಥೆಯಿರಲಿ, ಆದರೆ ಮರ್ಯಾದೆಯಿಂದ. ಕುಣಿಮಗ್ಗವನ್ನು ಮಾಲಿನ ನೆಲದಲ್ಲಿ ತೋಡಲಾಗದು. ಚೌಕಟ್ಟಿನ ಮಗ್ಗವನ್ನು ಇಡಬಹುದು. ಬಿದರಿಯ ಎರಕಕ್ಕೆ ಬೆಂಕಿ ಬೇಕು, ಅದು ಅಲ್ಲಿ ಸಲ್ಲದು. ಕೊರೆಯುವ, ಬೆಳ್ಳಿ ಕೂಡಿಸುವ ಕೆಲಸಕ್ಕೆ ಚಾಣ, ಸುತ್ತಿಗೆಗಳೇ ಸಾಕು. ಹೀಗೆ ಕುಳಿತು ಕೆಲಸ ತೋರಿಸಿದ ದಿನಗಳಿಗೆ ಕುಶಲಕರ್ಮಿಗೆ ದಿನಗೂಲಿ ಸಲ್ಲಬೇಕು. ಅವನು ಪ್ರದರ್ಶನದ ಬೊಂಬೆಯಲ್ಲ, ಗುರು. ಶಾಲೆಗಳವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಒಂದು ಗಂಟೆಯಲ್ಲಿ ಅವರು ಕಲಿಯುವುದನ್ನು ಪುಸ್ತಕದ ಹತ್ತು ಪುಟಗಳು ಕಲಿಸಲಾರವು.

ಐದು: ನಿಜವಾದ ವಸ್ತುವಿಗೆ ಕಾವಲಿರಬೇಕು. ಚನ್ನಪಟ್ಟಣದ ಗೊಂಬೆ, ಬಿದರಿ, ಮೈಸೂರು ರೇಷ್ಮೆ, ಕಸೂತಿ, ಇಳಕಲ್ಲ ಸೀರೆ ಮೊದಲಾದುವಕ್ಕೆ ೧೯೯೯ರ ಕಾಯಿದೆಯಂತೆ ಭೌಗೋಳಿಕ ಸೂಚಿಯ ಮನ್ನಣೆಯಿದೆ. ಕೈಮಗ್ಗದ ಬಟ್ಟೆಗೆ ೨೦೦೬ರಿಂದ ಕೈಮಗ್ಗ ಗುರುತಿನ ಚೀಟಿಯಿದೆ. ಈ ಗುರುತುಗಳಿಲ್ಲದ ಸರಕಿಗೆ ಆ ಅಂಕಣದಲ್ಲಿ ಪ್ರವೇಶ ಕೂಡದು. ಸರದಿ ಹಂಚುವ ಸಮಿತಿಯಲ್ಲಿ ಕುಶಲಕರ್ಮಿಗಳ ಪ್ರತಿನಿಧಿಗಳಿಗೆ ಅರ್ಧದಷ್ಟಾದರೂ ಸ್ಥಾನವಿರಲಿ. ದಲ್ಲಾಳಿಯನ್ನು ಗುರುತಿಸುವ ಕಣ್ಣು ಅವರಿಗಿದ್ದಷ್ಟು ಬೇರೆ ಯಾರಿಗೂ ಇರದು. ಸರಕಿಗೆ ಬೆಂಕಿವಿಮೆಯನ್ನು ಮಾಲಿನವರೇ ಮಾಡಿಸಬೇಕು.

ಆರು: ಮಾರಿದ ಹಣ ಅಂದಂದೇ ಕೈಸೇರಬೇಕು. ವಸ್ತುವನ್ನು ಇಟ್ಟುಹೋಗು, ಮಾರಿದ ಮೇಲೆ ನೋಡೋಣ ಎಂಬ ಪದ್ಧತಿಯಿಂದ ಬಡ ಕಸುಬುದಾರನ ಬಂಡವಾಳ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ. ಮತ್ತೆ ನೂಲು ತರಲು ಅವನು ಸಾಹುಕಾರನ ಬಾಗಿಲಿಗೇ ಹೋಗಬೇಕಾಗುತ್ತದೆ.

ಸಣ್ಣ ಕೈಗಾರಿಕೆಗಳೂ ಸೇರಲಿ

ಸ್ಥಳೀಯವೆಂದರೆ ಮಗ್ಗ, ಗೊಂಬೆಗಳಷ್ಟೇ ಎಂದು ತಿಳಿಯಬಾರದು. ನಮ್ಮ ನಾಡಿನ ಕಾರ್ಖಾನೆಗಳಿಗೂ ಅಭಿಮಾನ ಪಡಬೇಕಾದ ಚರಿತ್ರೆಯುಂಟು. ಮೈಸೂರಿನಲ್ಲಿ ೧೯೧೬ರಲ್ಲಿ ಆರಂಭವಾದ ಗಂಧದೆಣ್ಣೆಯ ಕಾರ್ಖಾನೆಯ ಹಿಂದೆಯೇ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಅದು ಇಂದಿಗೂ ನಮ್ಮ ಮನೆಗಳಲ್ಲಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಪಡಿಸಿ ದೇಶಕ್ಕೆ ಕಳಿಸುತ್ತದೆ. ೨೦೨೧ರ ಡಿಸೆಂಬರ್ ೩೦ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಟ್ಟೆಯ, ಯಂತ್ರದಲ್ಲಿ ಮಾಡಿದ ಧ್ವಜಗಳಿಗೂ ಅನುಮತಿ ದೊರೆತ ಮೇಲೆ ಖಾದಿ ಧ್ವಜಕ್ಕೆ ಸ್ಪರ್ಧೆ ಹೆಚ್ಚಿದೆ. ಹುಬ್ಬಳ್ಳಿಯ ಮಾಲಿನ ಬಾಗಿಲಲ್ಲಿಯೇ ಹುಬ್ಬಳ್ಳಿಯ ಧ್ವಜ ದೊರೆಯುವಂತಾದರೆ, ಆ ನೂಲನ್ನು ತೆಗೆದ, ಆ ಬಟ್ಟೆಯನ್ನು ನೇಯ್ದ ನೂರಾರು ಹೆಣ್ಣುಮಕ್ಕಳ ಕೂಲಿಗೆ ಆಸರೆಯಾದಂತೆ. ಸ್ತ್ರೀಶಕ್ತಿ ಸಂಘಗಳ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿಗಳಿಗೂ ಅಲ್ಲಿ ಎಡೆ ಬೇಕು. ದಿಲ್ಲಿ ಹಾಟಿನ ಅನುಭವದಂತೆ, ಊಟದ ವಾಸನೆ ಕರೆದಷ್ಟು ಜನರನ್ನು ಜಾಹೀರಾತು ಕರೆಯಲಾರದು.

ಮನೆಗಳ ಪಾಲು

ಮಾಲೀಕರು ಎಡೆ ಕೊಟ್ಟರು, ಕುಶಲಕರ್ಮಿಗಳು ಬಂದರು, ಕೊಳ್ಳುವವರೇ ಬರದಿದ್ದರೆ? ಇಲ್ಲಿ ಹೊಣೆ ನಮ್ಮ ಮನೆಗಳದು. ಮದುವೆಯ ಜವಳಿ ತೆಗೆಯುವಾಗ ನಾವು ಸಾವಿರಗಟ್ಟಲೆ, ಲಕ್ಷಗಟ್ಟಲೆ ವೆಚ್ಚ ಮಾಡುತ್ತೇವೆ. ಅದರಲ್ಲಿ ಬೀಗರಿಗೆ, ಅತ್ತಿಗೆ ನಾದಿನಿಯರಿಗೆ ಕೊಡುವ ಸೀರೆಗಳಲ್ಲಿ ಕಾಲು ಪಾಲಾದರೂ ಕೈಮಗ್ಗದವಾಗಲಿ. ಕುಪ್ಪಸಕ್ಕೆ ಗುಳೇದಗುಡ್ಡದ ಖಣವಿರಲಿ. ತೊಟ್ಟಿಲಿನ ಕೂಸಿಗೆ ಚನ್ನಪಟ್ಟಣದ ಗಿಲಕಿ ಬರಲಿ. ಗುರುಗಳಿಗೆ, ಅತಿಥಿಗಳಿಗೆ ಸನ್ಮಾನ ಮಾಡುವಾಗ ಹೊಳೆಯುವ ಪ್ಲಾಸ್ಟಿಕ್ಕಿನ ನೆನಪಿನ ಕಾಣಿಕೆಯ ಬದಲು ಒಂದು ಚಿಕ್ಕ ಬಿದರಿ ಬಟ್ಟಲನ್ನು ಕೊಡೋಣ. ಸಭೆ ಮುಗಿದ ಮೇಲೆ ಅದು ಅಟ್ಟ ಸೇರುವುದಿಲ್ಲ. ಮೊಮ್ಮಕ್ಕಳ ಕೈ ಸೇರುತ್ತದೆ.

ಕೊಳ್ಳುವಾಗ ಸೆರಗು ಒಡಲುಗಳು ಕೂಡಿದ ಎಡೆಯನ್ನು ಬಿಡಿಸಿ ಕೊಂಡಿಯಿದೆಯೇ ಎಂದು ಕೇಳಿರಿ. ಮಕ್ಕಳ ಮುಂದೆಯೇ ಕೇಳಿರಿ. ಹಾಗೆ ಕೇಳುವ ಹತ್ತು ತಾಯಂದಿರು ಒಂದು ಊರಿನಲ್ಲಿದ್ದರೆ ಅಂಗಡಿಯವನು ನಿಜವಾದ ಸೀರೆಯನ್ನು ತರಿಸಲೇಬೇಕಾಗುತ್ತದೆ.

ಒಂದು ಕಸುಬು ನಿಂತುಹೋಗುವುದು ಸದ್ದಿಲ್ಲದೆ. ಮಗ ನಗರಕ್ಕೆ ಕೆಲಸಕ್ಕೆ ಹೋಗುತ್ತಾನೆ. ತಂದೆಯ ಕಣ್ಣು ಮಂದವಾಗುತ್ತದೆ. ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಕುತ್ತಾರೆ. ಕೊಂಡಿ ಹಾಕುವ ಕೈಗಳು ಒಮ್ಮೆ ಮರೆತುದನ್ನು ಯಾವ ಸರಕಾರವೂ ಆಜ್ಞೆ ಹೊರಡಿಸಿ ಮರಳಿ ತರಲಾರದು. ಆ ಕೈಗಳು ಇನ್ನೂ ಇವೆ. ಮಾಲುಗಳೂ ಎದ್ದು ನಿಂತಿವೆ. ಇನ್ನೂ ಹಲವು ಏಳಲಿವೆ. ಹೊಸ ಕಟ್ಟಡದ ನಕಾಶೆ ಬರೆಸುವ ಬಂಧುಗಳು ಅದರಲ್ಲಿ ಬಾಗಿಲ ಬಳಿಯ ಒಂದು ಅಂಕಣವನ್ನು ಈಗಲೇ ಗುರುತು ಮಾಡಿಸಿಡಲಿ. ಕಟ್ಟಿದ ಮೇಲೆ ಜಾಗ ಹುಡುಕುವುದು ಕಷ್ಟ. ನಕಾಶೆಯ ಮೇಲೆ ಒಂದು ಗೆರೆ ಎಳೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.